ಕೈಗೆ ಬಂದ ಚೆಂಡು ಯಾಕೆ ಬೀಳುತ್ತದೆ? ಎಳೆಯ ರಿಸೀವರ್‌ಗೆ ಆಫ್‌ಸೀಸನ್ ದೋಷ ನಿವಾರಣೆ

ನನ್ನ ತಂಗಿಯ ಮಗ ಟೆಕ್ಸಾಸ್‌ನ ಒಂದು ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಅವನದು ವೈಡ್ ರಿಸೀವರ್ ಜಾಗ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕ್ವಾರ್ಟರ್‌ಬ್ಯಾಕ್ ಎಸೆಯುವ ಚೆಂಡನ್ನು ಓಡಿಹೋಗಿ ಹಿಡಿಯುವವನು. ಎರಡು ವರ್ಷದ ಹಿಂದೆ ಕಿರಿಯರ ತಂಡದಿಂದ ಶಾಲೆಯ ಮುಖ್ಯ ತಂಡಕ್ಕೆ ಬಂದ. ಅದೇ ವರ್ಷ ಅವನ ಕೈಯಿಂದ ಚೆಂಡು ಬೀಳತೊಡಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ವಾರವಾರವೂ ಅದೇ ಕತೆ. ನವೆಂಬರಿನಲ್ಲಿ ಸೀಸನ್ ಮುಗಿದಾಗ ಮನೆಮಂದಿಯೆಲ್ಲ ಕೂತು ಕಾರಣ ಕಂಡುಹಿಡಿದೆವು: ಮುಖ್ಯ ತಂಡದ ಪಂದ್ಯಕ್ಕೆ ಜನ ಜಾಸ್ತಿ, ಹುಡುಗ ಅಂಜುತ್ತಾನೆ. ಮದ್ದೂ ನಾವೇ ಬರೆದೆವು: ದಿನಕ್ಕೆ 200 ಚೆಂಡು ಹಿಡಿಸುವುದು. ಕಾರಣವೂ ತಪ್ಪು, ಮದ್ದೂ ತಪ್ಪು. ಆಫ್‌ಸೀಸನ್ನಿನ, ಅಂದರೆ ಪಂದ್ಯಗಳಿಲ್ಲದ ಕಾಲದ, ಒಳ್ಳೆಯ ನಾಲ್ಕು ತಿಂಗಳು ಹಾಗೇ ಹೋಯಿತು.

ನನ್ನ ಕೆಲಸ ಆಸ್ಪತ್ರೆಯ ಯಂತ್ರಗಳ ರಿಪೇರಿ. ಯಂತ್ರ ಕೆಟ್ಟಿದೆ ಅಂತ ಕರೆ ಬಂದರೆ ಕೆಟ್ಟಿರುವ ಭಾಗ ಯಾವುದು ಅಂತ ಮೊದಲು ಹುಡುಕುತ್ತೇನೆ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯುತ್ತೇನೆ. ಸ್ವಂತ ಮನೆಯ ಹುಡುಗನ ವಿಷಯದಲ್ಲಿ ಆ ಬುದ್ಧಿ ಬರುವುದಕ್ಕೆ ಮಾರ್ಚ್ ತಿಂಗಳಾಯಿತು. ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಈಗ ಈ ಆಟಕ್ಕೂ ಇಳಿಯುತ್ತಿದ್ದಾರೆ. ಅವರ ಅಪ್ಪ, ಅಮ್ಮ, ಮಾವಂದಿರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕೈ ಹಾಕುವ ಮೊದಲು

ಚೆಂಡು ಬೀಳುವುದು ಜ್ವರ ಇದ್ದ ಹಾಗೆ. ಜ್ವರ ಅಂದಮಾತ್ರಕ್ಕೆ ಮಲೇರಿಯಾ ಅಂತ ಹೇಳಲಾಗುವುದಿಲ್ಲ. ಒಂದು ಪಾಸ್ ಮುಗಿಯಲು ಮೂರು ನಾಲ್ಕು ಸೆಕೆಂಡು ಸಾಕು. ಅಷ್ಟರೊಳಗೆ ಹುಡುಗ ಸರಿಯಾದ ಜಾಗದಲ್ಲಿ ನಿಂತಿರಬೇಕು, ಎದುರಿಗಿರುವ ಕಾರ್ನರ್‌ಬ್ಯಾಕ್‌ನ (ಇವನನ್ನು ತಡೆಯಲು ನಿಂತ ಡಿಫೆಂಡರ್) ಕೈ ತಪ್ಪಿಸಿ ಹೊರಡಬೇಕು, ಗೊತ್ತುಮಾಡಿದ ದಾರಿಯಲ್ಲಿ ಗೊತ್ತುಮಾಡಿದ ದೂರ ಓಡಿ ತಿರುಗಬೇಕು, ಕತ್ತು ಹೊರಳಿಸಿ ಚೆಂಡು ಹುಡುಕಬೇಕು, ಹಿಡಿಯಬೇಕು, ಹಿಡಿದದ್ದನ್ನು ಕಂಕುಳಿಗೆ ಸೇರಿಸುವವರೆಗೂ ಕಣ್ಣು ಕೀಳಬಾರದು. ಈ ಸರಪಳಿಯಲ್ಲಿ ಯಾವ ಕೊಂಡಿ ತುಂಡಾದರೂ ಜನಕ್ಕೆ ಕಾಣುವುದು ಒಂದೇ: ಚೆಂಡು ನೆಲದ ಮೇಲೆ. ಆಗ ಎಲ್ಲರೂ ಬೊಟ್ಟುಮಾಡುವುದು ಕೈಯ ಕಡೆಗೆ.

ಧೈರ್ಯಕ್ಕೆ ಒಂದು ಮಾತು. ಈ ಆಟದ ಅತಿ ಶ್ರೇಷ್ಠ ರಿಸೀವರ್ ಯಾರು ಅಂದರೆ ಬಹಳ ಜನ ಹೇಳುವ ಹೆಸರು ಜೆರ್ರಿ ರೈಸ್. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಅವರನ್ನು ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವ್ಯವಸ್ಥೆ) ಮೊದಲ ಸುತ್ತಿನಲ್ಲೇ, 16ನೆಯವರಾಗಿ ಆರಿಸಿಕೊಂಡಿತು. ಆ ಮೊದಲ ವರ್ಷ ಅವರು ಎಷ್ಟು ಚೆಂಡು ಬಿಟ್ಟರೆಂದರೆ ಸ್ವಂತ ತಂಡದ ಪ್ರೇಕ್ಷಕರೇ ಕೂಗಿ ಹಂಗಿಸಿದರು. ಅಪ್ಪ ಗಾರೆ ಕೆಲಸದವರು. ಮಗ ಚಿಕ್ಕಂದಿನಲ್ಲಿ ಅಣ್ಣಂದಿರು ಎಸೆದ ಇಟ್ಟಿಗೆ ಹಿಡಿದು ಬೆಳೆದವರು. ಅಂಥ ಕೈಯಲ್ಲಿ ದೋಷ ಎಲ್ಲಿಂದ ಬರಬೇಕು? ಕೋಚ್ ಬಿಲ್ ವಾಲ್ಶ್ ಅವರ ಜಟಿಲವಾದ ಪ್ಲೇಗಳು, ಅಂದರೆ ಯಾರು ಎಲ್ಲಿ ನಿಂತು ಹೇಗೆ ಓಡಬೇಕು ಅನ್ನುವ ಯೋಜನೆಗಳು, ತಲೆಯಲ್ಲಿ ಇನ್ನೂ ಕೂತಿರಲಿಲ್ಲ, ಓಡುತ್ತಲೇ ಯೋಚಿಸುತ್ತಿದ್ದರು. ಡಿಸೆಂಬರ್ ಹೊತ್ತಿಗೆ ಅವು ಕೂತವು. ರ‍್ಯಾಮ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ 10 ಚೆಂಡು ಹಿಡಿದು 241 ಗಜ ಗಳಿಸಿದರು. ಮರುವರ್ಷ 1,570 ಗಜ, 15 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು).

ಬೇಕಾಗುವ ಸಲಕರಣೆ ಎರಡೇ: ಫೋನ್ ಕ್ಯಾಮೆರಾ, ಒಂದು ನೋಟ್‌ಬುಕ್. ಹೋದ ಸೀಸನ್ನಿನ ವಿಡಿಯೋ ಶಾಲೆಯ ತಂಡದ ಹತ್ತಿರ ಇದ್ದೇ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಅವನ ಕಡೆಗೆ ಎಸೆದ ಪ್ರತಿ ಚೆಂಡಿಗೂ ಒಂದು ಸಾಲು. ಹಿಡಿದದ್ದನ್ನೂ ಬರೆಯಿರಿ. ಬಿಟ್ಟದ್ದನ್ನಷ್ಟೇ ಬರೆದರೆ ಪತ್ತೆಯಾಗುವುದಿಲ್ಲ, ಯಾಕೆಂದರೆ ಎರಡರ ನಡುವಿನ ವ್ಯತ್ಯಾಸದಲ್ಲೇ ಕಾರಣ ಅಡಗಿರುತ್ತದೆ. ಹಗಲೋ ರಾತ್ರಿಯೋ, ಮೈದಾನದ ನಡುವೆಯೋ ಅಂಚಿನಲ್ಲೋ, ಚೆಂಡು ಎದೆಗಿಂತ ಮೇಲೆ ಬಂತೋ ಕೆಳಗೋ, ಎಡಕ್ಕೆ ತಿರುಗುತ್ತಿದ್ದನೋ ಬಲಕ್ಕೋ, ಡಿಫೆಂಡರ್ ಎಷ್ಟು ಹತ್ತಿರವಿದ್ದ, ಮೊದಲ ಕ್ವಾರ್ಟರೋ ಕೊನೆಯದೋ. ಎಸೆತವೇ ಕೆಟ್ಟದಾಗಿದ್ದರೆ ಅದನ್ನು ಬೇರೆ ಇಡಿ. ಕ್ವಾರ್ಟರ್‌ಬ್ಯಾಕ್‌ನ ತಪ್ಪನ್ನು ನಿಮ್ಮ ಹುಡುಗನ ಲೆಕ್ಕಕ್ಕೆ ಹಾಕಬೇಡಿ, ಇವನ ತಪ್ಪನ್ನು ಅವನ ತಲೆಗೆ ಕಟ್ಟಲೂ ಬೇಡಿ. ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಇದನ್ನು ಮಾಡಬೇಕು. ಬೈಯುವ ಆಸೆಯಾದರೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬನ್ನಿ.

ಖರ್ಚಿಲ್ಲದ ತಪಾಸಣೆಗಳನ್ನು ಮೊದಲು ಮುಗಿಸಿ. ಗ್ಲೌಸಿನ ಅಂಟು ಹೋಗಿದೆಯೇ? ಅಂಗೈ ನುಣ್ಣಗೆ ಹೊಳೆಯುತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಆಗಲೂ ಅಂಟದಿದ್ದರೆ ಬದಲಾಯಿಸಿ. ಮನೆಯ ಚೆಂಡಿನ ಗಾಳಿ 12.5ರಿಂದ 13.5 ಪಿಎಸ್‌ಐ ಒಳಗಿದೆಯೇ? ಹಳೆಯ ಮೆತ್ತನೆ ಚೆಂಡಿನಲ್ಲಿ ಆರು ತಿಂಗಳು ಅಭ್ಯಾಸ ಮಾಡಿದವನಿಗೆ ಪಂದ್ಯದ ಗಟ್ಟಿ ಚೆಂಡು ಕಲ್ಲಿನಂತೆ ಬಡಿಯುತ್ತದೆ. ಮಿಡ್ಲ್ ಸ್ಕೂಲಿನ ಮಕ್ಕಳು ಆಡುವ ಚಿಕ್ಕ ಚೆಂಡೇ ಇನ್ನೂ ಗ್ಯಾರೇಜಿನಲ್ಲಿದ್ದರೆ ಅದನ್ನು ತಮ್ಮನಿಗೆ ಕೊಡಿ.

ಹಗಲು ಹಿಡಿಯುತ್ತಾನೆ, ರಾತ್ರಿ ಬಿಡುತ್ತಾನೆ

ಇದು ನಮ್ಮ ಮನೆಯ ದೋಷ. ಟೆಕ್ಸಾಸ್‌ನಲ್ಲಿ ಮುಖ್ಯ ತಂಡದ ಪಂದ್ಯ ಸಾಮಾನ್ಯವಾಗಿ ಶುಕ್ರವಾರ ರಾತ್ರಿ, ದೊಡ್ಡ ದೀಪಗಳ ಕೆಳಗೆ. ಅಭ್ಯಾಸ ಮಾತ್ರ ಹಗಲಲ್ಲಿ. ಕಿರಿಯರ ತಂಡದಲ್ಲಿದ್ದಾಗ ಇವನು ಆಡಿದ ಪಂದ್ಯಗಳೂ ಹೆಚ್ಚುಕಡಿಮೆ ಬೆಳಕಿರುವಾಗಲೇ ಮುಗಿಯುತ್ತಿದ್ದವು. ನೋಟ್‌ಬುಕ್ಕಿನ ಸಾಲುಗಳನ್ನು ಬಿಸಿಲು, ದೀಪ ಅಂತ ಎರಡು ಪಾಲು ಮಾಡಿದೆವು. ಬಿಟ್ಟ ಚೆಂಡುಗಳೆಲ್ಲ ಒಂದೇ ಕಡೆ ಹೋಗಿ ಕೂತವು. ಹಗಲಿನ ಪಂದ್ಯಕ್ಕೂ ಜನ ಬಂದಿದ್ದರು, ಅಲ್ಲಿ ಇವನು ಒಂದೂ ಬಿಟ್ಟಿರಲಿಲ್ಲ. ಅಂಜಿಕೆಯ ಮಾತು ಅಲ್ಲಿಗೆ ಮುಗಿಯಿತು.

ಆದರೂ ಪರೀಕ್ಷೆ ಮಾಡದೆ ನಂಬಬಾರದು. ಸ್ಟೇಷನರಿ ಅಂಗಡಿಯಿಂದ ಬಣ್ಣದ ಗುಂಡು ಸ್ಟಿಕರ್ ತಂದು ಚೆಂಡುಗಳ ಮೂತಿಗೆ ಅಂಟಿಸಿದೆ, ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ, ಒಂದಕ್ಕೆ ನೀಲಿ. ಎಸೆಯುವಾಗ ಯಾವುದೆಂದು ಅವನಿಗೆ ಗೊತ್ತಾಗದ ಹಾಗೆ ಬೆನ್ನ ಹಿಂದೆ ಇಟ್ಟುಕೊಂಡೆ. ಬಣ್ಣ ಕಂಡ ತಕ್ಷಣ ಕೂಗಬೇಕು, ಆಮೇಲೆ ಹಿಡಿಯಬೇಕು. ಸಂಜೆ ಐದಕ್ಕೆ ಚೆಂಡು ಅರ್ಧ ದಾರಿಗೆ ಬರುವಷ್ಟರಲ್ಲಿ "ಹಳದಿ!" ಅಂತ ಕೂಗುತ್ತಿದ್ದ. ಕತ್ತಲಾಗಿ ಪಾರ್ಕಿನ ದೀಪ ಹತ್ತಿದ ಮೇಲೆ ಅದೇ ದೂರದಿಂದ, ಅದೇ ವೇಗದಲ್ಲಿ ಎಸೆದೆ. ಈಗ ಕೂಗು ಬರುತ್ತಿದ್ದುದು ಚೆಂಡು ಕೈಗೆ ಬಡಿಯುವ ಹೊತ್ತಿಗೆ, ಕೆಲವು ಸಲ ಬಡಿದ ಮೇಲೆ. ಹೆಲ್ಮೆಟ್ ತೆಗೆಸಿ ಹತ್ತಿರ ನಿಂತು ಮುಖ ನೋಡಿದೆ. ಕಣ್ಣು ಕಿರಿದು ಮಾಡಿಕೊಂಡಿದ್ದ.

"ಮಾವ, ರಾತ್ರಿ ಎಲ್ಲರಿಗೂ ಹೀಗೇ ಕಾಣೋದಲ್ವಾ?" ಅಂದ.

ಹದಿನಾರು ವರ್ಷದ ಹುಡುಗನಿಗೆ ಬೇರೆಯವರಿಗೆ ಹೇಗೆ ಕಾಣುತ್ತದೆ ಅಂತ ತಿಳಿಯುವುದಾದರೂ ಹೇಗೆ? ಮರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಎರಡು ಕಣ್ಣಿಗೂ ಮೈನಸ್ ಒಂದರ ಹತ್ತಿರ ಬಂತು. ಬೆಳಕು ಕಡಿಮೆಯಾದಾಗ ಕಣ್ಣಿನ ಪಾಪೆ ಅಗಲವಾಗುತ್ತದೆ, ಹಗಲಲ್ಲಿ ಗಮನಕ್ಕೇ ಬಾರದ ಚಿಕ್ಕ ನಂಬರ್ ರಾತ್ರಿ ದೊಡ್ಡದಾಗಿ ಕಾಡುತ್ತದೆ ಅಂತ ಅವರು ವಿವರಿಸಿದರು. ಕಾಂಟ್ಯಾಕ್ಟ್ ಲೆನ್ಸ್ ಬರೆದುಕೊಟ್ಟರು. ನಾಲ್ಕು ತಿಂಗಳು 200ರ ಲೆಕ್ಕದಲ್ಲಿ ಆ ಹುಡುಗನ ಬೆರಳು ನೋಯಿಸಿದ್ದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾವ ದೋಷ ಕಂಡರೂ ಕಣ್ಣಿನ ಪರೀಕ್ಷೆಯನ್ನು ಮೊದಲ ತಿಂಗಳಲ್ಲೇ ಮಾಡಿಸಿಬಿಡಿ ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಬೆರಳಿಗೆ ತಾಗಿ ಸಿಡಿಯುತ್ತದೆ, ಇಲ್ಲವೇ ಹಿಡಿದಂತೆ ಕಂಡು ಜಾರುತ್ತದೆ

ಇವೆರಡೂ ಒಂದೇ ಅಂತ ಅನಿಸಿದರೂ ಕಾರಣ ಬೇರೆ.

ಮೊದಲನೆಯದು ಕೈಯದು. ಇದಕ್ಕೆ ಕಣ್ಣಿಗಿಂತ ಕಿವಿ ಒಳ್ಳೆಯ ಸಾಧನ. ಹುಡುಗನ ಪಕ್ಕ ನಿಂತು ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ. ಅಂಗೈಗೆ ಬಡಿದ ಚೆಂಡು ಕಪಾಳಕ್ಕೆ ಹೊಡೆದ ಹಾಗೆ ಚಟ್ ಅನ್ನುತ್ತದೆ. ಬೆರಳುಗಳಲ್ಲಿ ಹಿಡಿದದ್ದು ಹೆಚ್ಚು ಸದ್ದು ಮಾಡುವುದಿಲ್ಲ. ಚಟ್ ಸದ್ದು ಬರುತ್ತಿದ್ದರೆ ಬೆರಳು ಬಿಗಿಯಾಗಿವೆ ಅಥವಾ ಮೊಣಕೈ ಪೂರ್ತಿ ಚಾಚಿ ಕಟ್ಟಿಗೆಯಂತಾಗಿದೆ. ಎದೆಮಟ್ಟಕ್ಕೆ, ಅದಕ್ಕಿಂತ ಮೇಲೆ ಬರುವ ಚೆಂಡಿಗೆ ಎರಡು ಹೆಬ್ಬೆರಳು, ಎರಡು ತೋರುಬೆರಳು ಸೇರಿ ವಜ್ರದಾಕಾರದ ಕಿಂಡಿಯಾಗಬೇಕು, ಚೆಂಡಿನ ಮೂತಿ ಆ ಕಿಂಡಿಗೆ ಬರಬೇಕು. ಹೊಕ್ಕುಳಿಗಿಂತ ಕೆಳಗೆ ಬಂದರೆ ಕಿರುಬೆರಳುಗಳು ಸೇರಬೇಕು. ಹೊಕ್ಕುಳ ಎತ್ತರಕ್ಕೇ ಬರುವ ಚೆಂಡಿಗೆ ಯಾವುದು ಅಂತ ತೀರ್ಮಾನಿಸಲಾಗದೆ ಬಹಳ ಹುಡುಗರು ಅಲ್ಲೇ ಬಿಡುತ್ತಾರೆ. ಅಂಥದ್ದಕ್ಕೆ ಮಂಡಿ ಬಗ್ಗಿಸಿ ಚೆಂಡನ್ನೇ ಎದೆಮಟ್ಟಕ್ಕೆ ತಂದುಕೊಳ್ಳುವುದನ್ನು ಕಲಿಸಿ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಹೊಸತಲ್ಲ. ನಮ್ಮ ದ್ರಾವಿಡ್ ಟೆಸ್ಟ್‌ನಲ್ಲಿ ಹಿಡಿದ 210 ಕ್ಯಾಚುಗಳಲ್ಲಿ ಎಷ್ಟೋ ಸ್ಲಿಪ್‌ನಲ್ಲಿ ಹಿಡಿದವು. ಆ ಕೈಗಳು ಚೆಂಡಿನ ಜೊತೆ ಜಗಳಕ್ಕೆ ಹೋಗದೆ ತುಸು ಹಿಂದೆ ಸರಿದು ಅದನ್ನು ಒಳಗೆ ಕರೆದುಕೊಳ್ಳುತ್ತಿದ್ದವು. ಇಲ್ಲಿ ಒಂದು ವ್ಯತ್ಯಾಸ ಉಂಟು. ರಿಸೀವರ್ ಕೈ ಚಾಚಿ ಚೆಂಡನ್ನು ಮೈಯಿಂದ ದೂರದಲ್ಲೇ ಎದುರುಗೊಳ್ಳಬೇಕು, ಕಾಯುತ್ತ ನಿಂತರೆ ಡಿಫೆಂಡರ್ ನಡುವೆ ಕೈ ಹಾಕುತ್ತಾನೆ. ತಾಗಿದ ಕ್ಷಣದಿಂದ ಮಾತ್ರ ಸ್ಲಿಪ್ ಫೀಲ್ಡರ್‌ನ ಕೈಯಾಗಬೇಕು. ಚೆಂಡು ಮೊದಲು ಎದೆಗೆ ತಾಗಿ ಆಮೇಲೆ ಕೈಗೆ ಬರುತ್ತಿದ್ದರೆ ಪ್ಯಾಡ್ ಹಾಕದ ಬೇಸಿಗೆಯಲ್ಲಿ ಅದು ನಡೆದುಬಿಡುತ್ತದೆ, ಆಗಸ್ಟಿನಲ್ಲಿ ಪ್ಯಾಡ್ ಹಾಕಿದ ದಿನ ಚೆಂಡು ಪುಟಿದು ಹೋಗುತ್ತದೆ.

ಎರಡನೆಯದು, ಹಿಡಿದಂತೆ ಕಂಡು ಜಾರುವುದು, ಬಹುಪಾಲು ಕಣ್ಣಿನದು. ನೋಟದ ದೋಷವಲ್ಲ, ಅವಸರದ್ದು. ವಿಡಿಯೋವನ್ನು ಚೆಂಡು ಬೆರಳಿಗೆ ತಾಗುವ ಕ್ಷಣಕ್ಕೆ ನಿಲ್ಲಿಸಿ, ಹೆಲ್ಮೆಟ್ಟಿನ ಜಾಲರಿ ಯಾವ ಕಡೆಗಿದೆ ನೋಡಿ. ಚೆಂಡಿನ ಕಡೆಗಿರದೆ ಮುಂದಿನ ಖಾಲಿ ಜಾಗದ ಕಡೆಗಿದ್ದರೆ ಅವನು ಹಿಡಿಯುವ ಮೊದಲೇ ಓಡಲು ಹೊರಟಿದ್ದಾನೆ. ನಮ್ಮ ಸ್ಟಿಕರ್ ಇಲ್ಲೂ ಕೆಲಸಕ್ಕೆ ಬರುತ್ತದೆ: ಚೆಂಡಿನ ಹೊಟ್ಟೆಯ ಮೇಲೆ ಚಿಕ್ಕದಾಗಿ ಅಂಕಿ ಬರೆದು, ಕಂಕುಳಿಗೆ ಸೇರಿಸಿದ ಮೇಲೆ ಆ ಅಂಕಿ ಓದಿ ಹೇಳಿಸಿ. ಹೇಳಲಾಗದಿದ್ದರೆ ಹಿಡಿದದ್ದು ಲೆಕ್ಕಕ್ಕಿಲ್ಲ.

ಚೆಂಡೆಸೆಯುವ ಯಂತ್ರದ ಬಗ್ಗೆ ಕೇಳುವವರು ಬಹಳ. ಕೈಯ ದೋಷಕ್ಕೆ ಅದು ಒಳ್ಳೆಯದೇ. ಆದರೆ ಯಂತ್ರ ಪ್ರತಿ ಸಲ ಒಂದೇ ವೇಗದಲ್ಲಿ, ಒಂದೇ ಸುತ್ತಿನಲ್ಲಿ, ಒಂದೇ ಜಾಗಕ್ಕೆ ಎಸೆಯುತ್ತದೆ. ಮನುಷ್ಯನ ತೋಳಿನಿಂದ ಚೆಂಡು ಬಿಡುಗಡೆಯಾಗುವುದನ್ನು ಗುರುತಿಸುವ ಕೆಲಸವೇ ಅಲ್ಲಿ ಇಲ್ಲ. ಎಡಗೈ ಕ್ವಾರ್ಟರ್‌ಬ್ಯಾಕ್ ಎಸೆದರೆ ಚೆಂಡು ಸುತ್ತುವುದೇ ಉಲ್ಟಾ, ಕೈಗೆ ಬಂದಾಗ ಅದು ಬೇರೆಯೇ ಕಡೆಗೆ ಜಗ್ಗುತ್ತದೆ. ಯಂತ್ರ ಬಳಸುವುದಾದರೆ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಚೆಂಡು ಹೊರಟ ಮೇಲೆ ಕೂಗಿ ತಿರುಗಿಸಿ. ಒಂದು ಸುತ್ತು ಓಡಿ ಏದುಸಿರು ಬಿಡುತ್ತಿರುವಾಗ ಇಪ್ಪತ್ತು ಹಿಡಿಸಿ. ತಣ್ಣಗೆ ನಿಂತು ಹಿಡಿದ 200ಕ್ಕಿಂತ ಆ ಇಪ್ಪತ್ತರಲ್ಲಿ ದೋಷ ಬೇಗ ಬಯಲಾಗುತ್ತದೆ.

ಡಿಫೆಂಡರ್ ಯಾವಾಗಲೂ ಅಂಟಿಕೊಂಡೇ ಇರುತ್ತಾನೆ

ಕ್ವಾರ್ಟರ್‌ಬ್ಯಾಕ್ ಚೆಂಡು ಬಿಡುವ ಕ್ಷಣಕ್ಕೆ ವಿಡಿಯೋ ನಿಲ್ಲಿಸಿ ಇಬ್ಬರ ನಡುವಿನ ಸಂದು ಅಳೆಯಿರಿ. ಬಿಟ್ಟ ಚೆಂಡುಗಳಲ್ಲೆಲ್ಲ ಡಿಫೆಂಡರ್ ಒಂದು ಕೈ ದೂರದಲ್ಲೇ ಇದ್ದಿದ್ದರೆ ದೋಷ ಕಾಲಿನದು, ಕೈಗೆ ಕೊಡುವ ಯಾವ ಮದ್ದೂ ನಾಟುವುದಿಲ್ಲ.

ಈಗ ವಿಡಿಯೋದ ಕೆಳಭಾಗಕ್ಕೆ ಒಂದು ಕಾಗದ ಅಡ್ಡ ಹಿಡಿದು ಅವನ ಭುಜಗಳನ್ನು ಮಾತ್ರ ನೋಡಿ. ತಿರುಗುವ ಎರಡು ಹೆಜ್ಜೆ ಮೊದಲೇ ಭುಜ ಮೇಲೆದ್ದರೆ ಡಿಫೆಂಡರ್‌ಗೆ ಪತ್ರ ಬರೆದು ತಿಳಿಸಿದ ಹಾಗೆ. ಓಡುವಾಗಿನ ಎತ್ತರದಲ್ಲೇ ಬಂದು, ಸೊಂಟ ಇಳಿಸಿ, ಹೊರಗಾಲಲ್ಲೋ ಒಳಗಾಲಲ್ಲೋ ಒಂದೇ ಸಲ ನೆಲ ಒದ್ದು ತಿರುಗಬೇಕು. ಬಲಕ್ಕೆ ತಿರುಗಲು ಎಡಗಾಲು ಒದೆಯಬೇಕು, ಎಡಕ್ಕೆ ಬಲಗಾಲು. ಹೆಜ್ಜೆಯ ಲೆಕ್ಕ ತಪ್ಪಿ ಬೇರೆ ಕಾಲು ಬಿದ್ದರೆ ತಿರುವು ಎತ್ತಿನಗಾಡಿ ತಿರುಗಿದಂತೆ ದುಂಡಗಾಗುತ್ತದೆ, ಡಿಫೆಂಡರ್ ಒಳದಾರಿಯಲ್ಲಿ ಬಂದು ಚೆಂಡಿನ ಮುಂದೆ ನಿಲ್ಲುತ್ತಾನೆ. ಒಂದೇ ಕಡೆಗೆ ತಿರುಗುವಾಗ ಮಾತ್ರ ಹೀಗಾಗುತ್ತಿದ್ದರೆ ಇನ್ನೊಂದು ಅನುಮಾನ ಬರಬೇಕು: ಆ ಕಾಲಿಗೆ ಏನಾದರೂ ಪೆಟ್ಟಾಗಿದೆಯೇ? ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸಲು ಹೇಳಿ, ಎರಡೂ ಕಾಲಿನ ಎಣಿಕೆ ಹೋಲಿಸಿ. ಎದ್ದು ಕಾಣುವ ವ್ಯತ್ಯಾಸವಿದ್ದರೆ ಅಭ್ಯಾಸ ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಡವಾಂಟೆ ಆಡಮ್ಸ್ ಕತೆ ನೆನಪಿಗೆ ಬರುವುದು ಇಲ್ಲೇ. ಗ್ರೀನ್ ಬೇ ಪ್ಯಾಕರ್ಸ್ ಅವರನ್ನು 2014ರ ಎರಡನೆಯ ಸುತ್ತಿನಲ್ಲಿ ಆರಿಸಿಕೊಂಡಿತು. 2015ರ ಆಗಸ್ಟಿನಲ್ಲಿ ತಂಡದ ಹಿರಿಯ ರಿಸೀವರ್ ಜೋರ್ಡಿ ನೆಲ್ಸನ್ ಮೊಣಕಾಲಿಗೆ ಪೆಟ್ಟಾಗಿ ಇಡೀ ವರ್ಷ ಹೊರಗುಳಿದರು, ಹೊರೆ ಈ ಹುಡುಗನ ಮೇಲೆ ಬಿತ್ತು. ಸೀಸನ್ನಿನ ಎರಡನೆಯ ಪಂದ್ಯದಲ್ಲೇ ಇವರ ಪಾದದ ಗಂಟು ಉಳುಕಿತು. ಮೂರು ಪಂದ್ಯ ತಪ್ಪಿತು. ವರ್ಷದ ಕೊನೆಗೆ 50 ಕ್ಯಾಚ್, 483 ಗಜ, ಒಂದೇ ಒಂದು ಟಚ್‌ಡೌನ್. ಬಿಟ್ಟ ಚೆಂಡುಗಳೂ ಕಡಿಮೆಯಿರಲಿಲ್ಲ. ಇವನಿಂದ ಆಗದು ಅಂತ ತೀರ್ಪು ಕೊಟ್ಟ ಅಭಿಮಾನಿಗಳು ಎಷ್ಟೋ ಮಂದಿ. 2016ರಲ್ಲಿ ಕಾಲು ಗಟ್ಟಿಯಾಗಿತ್ತು: 75 ಕ್ಯಾಚ್, 997 ಗಜ, 12 ಟಚ್‌ಡೌನ್. ಮುಂದೆ ಲೈನಿನಿಂದ, ಅಂದರೆ ಪ್ಲೇ ಶುರುವಾಗುವಾಗ ತಂಡ ಸಾಲಾಗಿ ನಿಲ್ಲುವ ಗೆರೆಯಿಂದ, ಹೊರಡುವ ಮೊದಲ ಎರಡು ಹೆಜ್ಜೆಗೇ ಅವರು ಹೆಸರಾದರು. ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ ಕಾಲು ಅದು, ಎದುರಿನವನು ಯಾವ ಕಡೆ ಭಾರ ಹಾಕುತ್ತಾನೋ ನೋಡಿ ಇನ್ನೊಂದು ಕಡೆ ಜಾರಿಹೋಗುವ ಕಾಲು. ನಿಮ್ಮ ಹುಡುಗ ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತೇನೆ ಅಂದರೆ ತಡೆಯಬೇಡಿ.

ಅಭ್ಯಾಸದಲ್ಲಿ ಸರಿ, ಪಂದ್ಯದಲ್ಲಿ ಗೊಂದಲ

ಬೆಳಕಿನ ವ್ಯತ್ಯಾಸವಿಲ್ಲ, ಕಣ್ಣು ಸರಿಯಿದೆ, ಕೈ ಕಾಲು ಸರಿಯಿವೆ, ಆದರೂ ಪಂದ್ಯದಲ್ಲಿ ನಿಂತ ಜಾಗ ತಪ್ಪು, ಹೊರಡುವುದು ಅರೆಗಳಿಗೆ ತಡ, ಸುಲಭದ ಚೆಂಡು ನೆಲಕ್ಕೆ. ಇದು ತಲೆಯ ಮೇಲಿನ ಹೊರೆ.

ಫಿಲಡೆಲ್ಫಿಯಾ ಈಗಲ್ಸ್ ತಂಡದ ನೆಲ್ಸನ್ ಅಗಾಲೋರ್ 2015ರ ಮೊದಲ ಸುತ್ತಿನಲ್ಲಿ ಬಂದವರು. ಮೊದಲ ವರ್ಷ 23 ಕ್ಯಾಚ್, ಎರಡನೆಯ ವರ್ಷ 36. 2016ರ ನವೆಂಬರ್ 20ರಂದು ಸಿಯಾಟಲ್‌ನಲ್ಲಿ ಅವರ ತಂಡದ ಜ್ಯಾಕ್ ಅರ್ಟ್ಸ್ 57 ಗಜದ ಟಚ್‌ಡೌನ್ ಹೊಡೆದರು. ಅದು ರದ್ದಾಯಿತು. ಅಗಾಲೋರ್ ಲೈನಿನ ಮೇಲೆ ನಿಲ್ಲಬೇಕಾದಲ್ಲಿ ನಿಂತಿರಲಿಲ್ಲ. ಅದೇ ಪಂದ್ಯದಲ್ಲಿ ಕೈಗೆ ಬಂದ ಒಂದು ಚೆಂಡನ್ನೂ ಬಿಟ್ಟರು. ಪಂದ್ಯದ ನಂತರ, ತಾನು ಅತಿಯಾಗಿ ಯೋಚಿಸುತ್ತಿದ್ದೇನೆ, ಎಲ್ಲದರ ಬಗ್ಗೆಯೂ ಚಿಂತೆ ಹಚ್ಚಿಕೊಂಡಿದ್ದೇನೆ ಅಂತ ಪತ್ರಕರ್ತರ ಮುಂದೆ ಅವರೇ ಬಾಯಿಬಿಟ್ಟು ಹೇಳಿಕೊಂಡರು. ಮುಂದಿನ ಪಂದ್ಯಕ್ಕೆ ಕೋಚ್ ಡಗ್ ಪೀಡರ್ಸನ್ ಅವರನ್ನು ಆಡಿಸಲಿಲ್ಲ.

ನಿಂತ ಜಾಗದ ತಪ್ಪು ಮತ್ತು ಬಿಟ್ಟ ಚೆಂಡು, ಎರಡೂ ಒಂದೇ ದಿನ. ನನ್ನ ಮಟ್ಟಿಗೆ ಪತ್ತೆಯ ಸುಳಿವು ಅಲ್ಲೇ ಇದೆ. ಕೈಯಷ್ಟೇ ಕೆಟ್ಟಿದ್ದರೆ ನಿಲ್ಲುವ ಜಾಗ ಯಾಕೆ ತಪ್ಪಬೇಕು? 2017ರ ಆಫ್‌ಸೀಸನ್ನಿನಲ್ಲಿ ತಂಡ ಹೊರಗಿನ ಜಾಗಗಳಿಗೆ ಆಲ್ಷನ್ ಜೆಫ್ರಿ ಮತ್ತು ಟೊರಿ ಸ್ಮಿತ್‌ರನ್ನು ಕರೆತಂದಿತು. ಸ್ಲಾಟ್‌ನಲ್ಲಿ, ಅಂದರೆ ಒಳಬದಿಯಲ್ಲಿ ಆಡುತ್ತಿದ್ದ ಜೋರ್ಡನ್ ಮ್ಯಾಥ್ಯೂಸ್‌ರನ್ನು ಆಗಸ್ಟಿನಲ್ಲಿ ಬಫಲೋಗೆ ಕೊಟ್ಟು ಅಗಾಲೋರ್‌ರನ್ನು ಆ ಜಾಗಕ್ಕೆ ತಂದಿತು. ಅಲ್ಲಿ ಸಾಮಾನ್ಯವಾಗಿ ಲೈನಿನಿಂದ ಹಿಂದೆ ನಿಲ್ಲುವುದು, ಎರಡೂ ಕಡೆ ಓಡಲು ಜಾಗ, ಹೊರಟ ಕೂಡಲೇ ಎದೆಗೆ ಕೈ ಹಾಕುವವರು ಕಡಿಮೆ. ಆ ವರ್ಷ 62 ಕ್ಯಾಚ್, 768 ಗಜ, 8 ಟಚ್‌ಡೌನ್. 2018ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, 9 ಚೆಂಡು ಹಿಡಿದು 84 ಗಜ. ಈಗಲ್ಸ್ 41-33ರಿಂದ ಗೆದ್ದು ಮೊದಲ ಸಲ ಸೂಪರ್ ಬೌಲ್ ಕಪ್ ಎತ್ತಿತು. ಹುಡುಗನ ಕೈ ಅದೇ, ನಿಲ್ಲಿಸಿದ ಜಾಗ ಬೇರೆ. ನಿಮ್ಮ ಕೋಚ್ ಜೊತೆ ಮಾತಾಡುವಾಗ ಈ ಪ್ರಶ್ನೆಯನ್ನು ಗೌರವದಿಂದಲೇ ಕೇಳಿ: ಇವನು ಒಳಗಿನ ಜಾಗದಲ್ಲಿ ಆಡಿದರೆ ಹೇಗೆ?

ಮನೆಯಲ್ಲಿ ಪರೀಕ್ಷಿಸುವುದು ಸುಲಭ. ಖಾಲಿ ಹಾಳೆ ಕೊಟ್ಟು ಪ್ಲೇ ಹೆಸರು ಹೇಳಿ, ಹನ್ನೊಂದು ಜನರನ್ನೂ ಬರೆಯಲಿ. ತನ್ನದೊಂದೇ ದಾರಿ ಗೊತ್ತಿದ್ದು ಉಳಿದವರದು ಗೊತ್ತಿಲ್ಲದಿದ್ದರೆ ಅವನು ಬಾಯಿಪಾಠ ಮಾಡಿದ್ದಾನೆ, ಅರ್ಥವಾಗಿಲ್ಲ. ನನ್ನ ತಂಗಿ ಪ್ಲೇಗಳನ್ನು ಚೀಟಿಗಳಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಳು. ಬೆಳಿಗ್ಗೆ ದೋಸೆ ಹಾಕುತ್ತ, ಹಿತ್ತಿಲ ಬಾಗಿಲು ತೆರೆದಿಟ್ಟು, ಕೈಯಲ್ಲಿ ಮಗುಚುವ ಕೈ ಹಿಡಿದೇ ಕೂಗುವಳು: "ಟ್ರಿಪ್ಸ್ ರೈಟ್, ಎಕ್ಸ್ ಸ್ಲ್ಯಾಂಟ್!" ಅವನು ಹುಲ್ಲಿನ ಮೇಲೆ ಹೋಗಿ ನಿಲ್ಲಬೇಕು, ಅವಳು ಮೂರು ಎಣಿಸುವುದರೊಳಗೆ. ಅವಳಿಗೆ ಆ ಪದಗಳ ಅರ್ಥ ಪೂರ್ತಿ ಗೊತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ, "ಅಣ್ಣ, ಅವನು ಈಗ ಲೈನಿಂದ ಒಂದು ಹೆಜ್ಜೆ ಹಿಂದೆ ನಿಂತ, ಇದಕ್ಕೆ ಮುಂದೆ ನಿಲ್ಬೇಕಲ್ವಾ?" ಅಂತ ನನಗೇ ಹೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು.

ಮೈದಾನದ ನಡುವೆ ಮಾತ್ರ ಬಿಡುತ್ತಾನೆ

ಅಂಚಿನಲ್ಲಿ ಹಿಡಿದು, ನಡುವೆ ಬಿಡುತ್ತಿದ್ದರೆ ಪೆಟ್ಟಿನ ನಿರೀಕ್ಷೆ. ತೋಳು ಪೂರ್ತಿ ಚಾಚದೆ ಅರ್ಧಕ್ಕೆ ಮಡಚಿಕೊಳ್ಳುತ್ತಾನೆ. ಇದು ಹೇಡಿತನವಲ್ಲ, ಮೈ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಬೇಸಿಗೆಯಲ್ಲಿ ಏಳೇಳು ಜನ ಆಡುವ ಸೆವೆನ್-ಆನ್-ಸೆವೆನ್ ಪಂದ್ಯಗಳಲ್ಲಿ ಡಿಕ್ಕಿ ಇಲ್ಲ, ಆದ್ದರಿಂದ ಈ ದೋಷ ಅಲ್ಲಿ ಕಾಣುವುದೂ ಇಲ್ಲ, ಹೋಗುವುದೂ ಇಲ್ಲ. ಗೆಳೆಯನೊಬ್ಬನ ಕೈಗೆ ಮೆತ್ತನೆ ಪ್ಯಾಡ್ ಕೊಟ್ಟು, ಚೆಂಡು ತಾಗುವಾಗ ಪಕ್ಕೆಗೆ ಹಗುರವಾಗಿ ತಳ್ಳಿಸಿ, ವಾರವಾರಕ್ಕೆ ಸ್ವಲ್ಪ ಜೋರು ಮಾಡಿ.

ಆದರೆ ತಲೆಗೆ ಪೆಟ್ಟು ಬಿದ್ದ ಪಂದ್ಯದ ನಂತರ ಈ ದೋಷ ಶುರುವಾಗಿದ್ದರೆ, ತಲೆನೋವು, ಮಂಜು ನೋಟ, ಬೆಳಕು ಕಂಡರೆ ಕಿರಿಕಿರಿ ಇದ್ದರೆ, ಈ ಕೈಪಿಡಿ ಮುಚ್ಚಿಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ಅವರು ಬರೆದುಕೊಡುವವರೆಗೆ ಚೆಂಡು ಮುಟ್ಟಿಸಬೇಡಿ. ಸ್ಕಾಲರ್‌ಶಿಪ್, ಸೀಸನ್, ತಂಡದಲ್ಲಿ ಜಾಗ, ಯಾವುದೂ ಆ ಹುಡುಗನ ಮಿದುಳಿಗಿಂತ ದೊಡ್ಡದಲ್ಲ.

ಮತ್ತೆ ಪರೀಕ್ಷೆ

ಒಂದು ಸಲಕ್ಕೆ ಒಂದೇ ದೋಷ ಸರಿಮಾಡಿ. ಕೈ, ಕಾಲು, ಪ್ಲೇಬುಕ್ ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯದು, ಹುಡುಗನಿಗೂ ಉಸಿರುಗಟ್ಟುತ್ತದೆ. ಮೂರು ವಾರ ಕೊಡಿ, ಮತ್ತೆ ಎಣಿಸಿ. ದೊಡ್ಡವರ ಲೀಗಾದ ಎನ್‌ಎಫ್‌ಎಲ್‌ನಲ್ಲೂ ಏಪ್ರಿಲ್‌ನಿಂದ ಶುರುವಾಗುವ ತಂಡದ ತಯಾರಿ ಒಂಬತ್ತು ವಾರವಷ್ಟೇ, ಅದರ ಮೊದಲೆರಡು ವಾರ ಮೀಟಿಂಗು, ಮೈ ಗಟ್ಟಿಮಾಡುವ ಕೆಲಸ ಅಷ್ಟೇ. ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ ತಂಡದ ಅಭ್ಯಾಸವೇ ಇರುವುದಿಲ್ಲ. ನೀವೂ ಎರಡು ವಾರ ಪೂರ್ತಿ ಬಿಡುವು ಕೊಡಿ, ಊರಿಗೆ ಹೋಗುವುದಿದ್ದರೆ ಹೋಗಿಬನ್ನಿ.

ಗುಣವಾಯಿತು ಅನ್ನಿಸಿದಾಗ, ದೋಷ ಎಲ್ಲಿ ಕಂಡಿತ್ತೋ ಅಲ್ಲೇ ಪರೀಕ್ಷಿಸಬೇಕು. ನಡುವೆ ಬಿಡುತ್ತಿದ್ದವನನ್ನು ಪ್ಯಾಡ್ ಹಾಕಿಸಿ ನಡುವೆಯೇ ಓಡಿಸಿ, ಪ್ಲೇ ಮರೆಯುತ್ತಿದ್ದವನಿಗೆ ದಣಿದಾಗಲೇ ಕೂಗಿ. ಹೋದ ದೋಷ ತಿರುಗಿ ಬರುವುದೂ ಉಂಟು: ಅಗಾಲೋರ್ 2019ರಲ್ಲಿ ಮತ್ತೆ ಚೆಂಡು ಬಿಡತೊಡಗಿದರು, ಮರುವರ್ಷ ಬೇರೆ ತಂಡಕ್ಕೆ ಹೋಗಿ 896 ಗಜ ಗಳಿಸಿದರು. ಹಾಗಾಗಿ ನೋಟ್‌ಬುಕ್ಕನ್ನು ಸೀಸನ್ ಶುರುವಾದ ಮೇಲೂ ಮುಂದುವರಿಸಿ.

ನಮ್ಮ ಹುಡುಗನ ಪರೀಕ್ಷೆ ಆಗಸ್ಟ್ ಮೊದಲ ವಾರ ಆಯಿತು, ರಾತ್ರಿ ಒಂಬತ್ತಕ್ಕೆ, ಅದೇ ಪಾರ್ಕಿನ ಅದೇ ದೀಪದ ಕೆಳಗೆ. ಹೆಲ್ಮೆಟ್ ಹಾಕಿ, ಲೆನ್ಸ್ ಹಾಕಿ ನಿಂತ. ನಾನು ಬೆನ್ನ ಹಿಂದಿನಿಂದ ಚೆಂಡು ತೆಗೆದು ಎಸೆದೆ. ಅರ್ಧ ದಾರಿಗೂ ಬಂದಿರಲಿಲ್ಲ, "ನೀಲಿ!" ಅಂದ. ಹನ್ನೆರಡು ಎಸೆತಕ್ಕೆ ಹನ್ನೆರಡು ಬಣ್ಣ ಸರಿ ಹೇಳಿದ. ಒಂದನ್ನು ಬಿಟ್ಟ, ಅದು ನಾನೇ ಕಾಲ ಬುಡಕ್ಕೆ ಎಸೆದದ್ದು, ನೋಟ್‌ಬುಕ್ಕಿನಲ್ಲಿ ಬೇರೆ ಇಟ್ಟೆ. ಲೆನ್ಸ್ ಬಳಸುವ ಹುಡುಗರ ಮನೆಯವರಿಗೆ ಕೊನೆಯದೊಂದು ತಪಾಸಣೆ: ಪ್ರತಿ ಶುಕ್ರವಾರ ಹೊರಡುವ ಮುಂಚೆ ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿ, ಇನ್ನೊಂದು ಜೊತೆ ಲೆನ್ಸ್ ಇದೆಯೇ ನೋಡಿ.